ಮೊದಲು ಕಾರಣ, ಆಮೇಲೆ ವರ್ಷ: ಆನ್‌ಲೈನ್ ಡೆಲ್ಫಿ ನಡೆಸಿದ ನನ್ನ ಅನುಭವ

ಒಮ್ಮೆ ಬಳಸಿದ ನೀರನ್ನೇ ಶುದ್ಧ ಮಾಡಿ ಮತ್ತೆ ಕುಡಿಯಲು ಕೊಡುವುದು ದೊಡ್ಡ ನಗರಗಳಲ್ಲಿ ಯಾವಾಗ ಮಾಮೂಲಿಯಾಗುತ್ತದೆ? ಈ ಪ್ರಶ್ನೆ ಇಟ್ಟುಕೊಂಡು ಬೇರೆ ಬೇರೆ ದೇಶಗಳ 40 ಜನರನ್ನು ಆನ್‌ಲೈನ್‌ನಲ್ಲಿ ಸೇರಿಸಿದ್ದೆ. ನೀರಿನ ಎಂಜಿನಿಯರುಗಳಿದ್ದರು, ವೈದ್ಯರಿದ್ದರು, ಅರ್ಥಶಾಸ್ತ್ರ ಓದಿದವರಿದ್ದರು. ಶುದ್ಧೀಕರಣ ಘಟಕದಲ್ಲಿ ಪಾಳಿ ಮೇಲೆ ದುಡಿಯುವ ಕೆಲವರೂ ಇದ್ದರು.

ನಾನು ಆರಿಸಿಕೊಂಡದ್ದು ಡೆಲ್ಫಿ ವಿಧಾನ, ಅಂದರೆ ಬಲ್ಲವರ ಅಂದಾಜುಗಳನ್ನು ಸುತ್ತು ಸುತ್ತಾಗಿ ಕೇಳಿ ಕೂಡಿಸುವ ರೀತಿ. 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಓಲಾಫ್ ಹೆಲ್ಮರ್, ನಾರ್ಮನ್ ಡಾಲ್ಕಿ ಮೊದಲಾದವರು ರೂಪಿಸಿದ್ದು ಇದು. ಇದರಲ್ಲಿ ಯಾರು ಏನು ಹೇಳಿದರು ಎಂದು ಉಳಿದವರಿಗೆ ಗೊತ್ತಾಗುವುದಿಲ್ಲ. ಮಾತು ಮಾತ್ರ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಹಾಗಾಗಿ ದೊಡ್ಡ ಹುದ್ದೆಯವರ ಮುಂದೆ ಚಿಕ್ಕವರು ಬಾಯಿ ಮುಚ್ಚಿಕೊಂಡು ಕೂರಬೇಕಾಗಿಲ್ಲ. ಒಂದು ಸುತ್ತು ಉತ್ತರ ಬಂದ ಮೇಲೆ ಅದರ ಸಾರವನ್ನು ಎಲ್ಲರಿಗೂ ತೋರಿಸಿ, ಬೇಕಿದ್ದರೆ ಉತ್ತರ ಬದಲಿಸಿ ಎಂದು ಕೇಳುತ್ತೇವೆ.

ಮೊದಲ ಸಲ ಇದನ್ನು ಇಮೇಲ್‌ನಲ್ಲೇ ನಡೆಸಿದೆ. ಒಂದು ಸುತ್ತು ಮುಗಿದು, ಅದನ್ನೆಲ್ಲ ಕೂಡಿಸಿ, ಮುಂದಿನ ಸುತ್ತು ಕಳಿಸುವಷ್ಟರಲ್ಲಿ ತಿಂಗಳು ಕಳೆದಿತ್ತು. ಅರ್ಧಕ್ಕರ್ಧ ಜನ ಉತ್ತರವನ್ನೇ ಕೊಡಲಿಲ್ಲ. ಅವರ ತಪ್ಪಲ್ಲ ಬಿಡಿ, ಅಷ್ಟು ದಿನ ಆದ ಮೇಲೆ ಯಾರಿಗೆ ತಾನೇ ಹುರುಪು ಉಳಿದಿರುತ್ತದೆ?

ಎರಡನೇ ಸಲ ರಿಯಲ್ ಟೈಮ್ ಡೆಲ್ಫಿಗೆ ಬಂದೆ. ಥಿಯೋಡರ್ ಗಾರ್ಡನ್ ಮತ್ತು ಆಡಮ್ ಪೀಸ್ 2006ರಲ್ಲಿ ಇದರ ಬಗ್ಗೆ ಬರೆದಿದ್ದರು. ಭವಿಷ್ಯದ ಬಗ್ಗೆ ಅಧ್ಯಯನ ಮಾಡುವ, 1996ರಲ್ಲಿ ಶುರುವಾದ ಮಿಲೇನಿಯಂ ಪ್ರಾಜೆಕ್ಟ್ ಎಂಬ ಸಂಸ್ಥೆ ತನ್ನ ಜಾಗತಿಕ ಅಧ್ಯಯನಗಳಿಗೆ ಇದನ್ನು ಬಳಸಿದೆ. ಇಲ್ಲಿ ಸುತ್ತುಗಳೇ ಇಲ್ಲ. ಪ್ರಶ್ನೆ ಕೆಲವು ವಾರ ತೆರೆದೇ ಇರುತ್ತದೆ. ಯಾರು ಯಾವಾಗ ಬೇಕಾದರೂ ಬಂದು ಉತ್ತರ ಕೊಡಬಹುದು, ಮತ್ತೆ ಬಂದು ತಿದ್ದಬಹುದು. ಒಬ್ಬರಿಗೆ ಹಗಲಾದಾಗ ಇನ್ನೊಬ್ಬರಿಗೆ ರಾತ್ರಿ ಅನ್ನುವ ತೊಂದರೆ ಇದರಿಂದ ತಪ್ಪಿತು.

ಆದರೆ ಇನ್ನೊಂದು ತೊಂದರೆ ಶುರುವಾಯಿತು. ಮೊದಲ ದಿನ ಬಂದ ಐದಾರು ಜನ 2035ರ ಆಸುಪಾಸು ಅಂದರು. ಆಮೇಲೆ ಬಂದವರು ಆ ವರ್ಷ ನೋಡಿಯೇ ತಮ್ಮದನ್ನು ಬರೆದರು. ಒಂದೇ ವಾರದಲ್ಲಿ ಎಲ್ಲ ಉತ್ತರಗಳೂ 2035ರ ಸುತ್ತ ಗುಂಪಾಗಿದ್ದವು. ನೋಡಲು ಒಮ್ಮತದ ಹಾಗೆ ಕಾಣುತ್ತಿತ್ತು. ಉತ್ತರದ ಜೊತೆ ಕಾರಣ ಬರೆಯಲು ಬಿಟ್ಟಿದ್ದ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ.

ಅದನ್ನು ಅಲ್ಲಿಗೇ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಕಾರಣ ಬರೆಯದೆ ವರ್ಷ ಹಾಕುವ ಹಾಗಿರಲಿಲ್ಲ. ನಿಮ್ಮ ಉತ್ತರ ಕೊಡುವ ತನಕ ಬೇರೆಯವರದು ಕಾಣುವ ಹಾಗೂ ಇರಲಿಲ್ಲ. ಪ್ರಶ್ನೆಯಲ್ಲಿದ್ದ ‘ಮಾಮೂಲಿ’ ಅನ್ನುವ ಪದವನ್ನೂ ತೆಗೆದೆ, ಒಬ್ಬೊಬ್ಬರು ಅದನ್ನು ಒಂದೊಂದು ರೀತಿ ಅರ್ಥ ಮಾಡಿಕೊಂಡಿದ್ದರು. ಅದರ ಬದಲು ‘ಜಗತ್ತಿನ 20 ದೊಡ್ಡ ನಗರಗಳಲ್ಲಿ ಕನಿಷ್ಠ 10’ ಎಂದು ಬರೆದೆ.

ಆಗ ಬಂತು ಒಂದು ಉತ್ತರ. ವರ್ಷ 2060. ಉಳಿದ ಎಲ್ಲರಿಗಿಂತ ಬಹಳ ದೂರ. ಇಂಥ ಒಂಟಿ ಉತ್ತರವನ್ನು ಲೆಕ್ಕದಿಂದ ಬಿಟ್ಟುಬಿಡುವವರಿದ್ದಾರೆ. ಆದರೆ ಕಾರಣದ ಜಾಗದಲ್ಲಿ ಅವರು ಬರೆದಿದ್ದನ್ನು ಓದಿ ನಾನು ಸುಮ್ಮನೆ ಕೂತುಬಿಟ್ಟೆ. ಅವರು ಹೇಳಿದ್ದು ಇಷ್ಟು: ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದಲೇ ಈ ಕೆಲಸ ಮಾಡುತ್ತಿದೆ. ತಂತ್ರಜ್ಞಾನವೇ ಅಡ್ಡಿಯಾಗಿದ್ದರೆ ಇಷ್ಟು ಹೊತ್ತಿಗೆ ಎಲ್ಲೆಡೆ ಬಂದಿರಬೇಕಿತ್ತು, ಅಲ್ವಾ? ನೀರು ಕೊಡುವವರ ಮೇಲೆ ಜನರಿಗೆ ನಂಬಿಕೆ ಬರಬೇಕು. ಅದನ್ನು ಯಂತ್ರದ ಹಾಗೆ ಕೊಂಡು ತರಲು ಆಗುವುದಿಲ್ಲ.

ಅಲ್ಲಿಯವರೆಗೆ ಬಹುತೇಕ ಎಲ್ಲರೂ ನೀರು ಸೋಸುವ ಪೊರೆಯ ಬೆಲೆ, ವಿದ್ಯುತ್ ಖರ್ಚು ಇವನ್ನೇ ಬರೆದಿದ್ದರು. ಈ ಮಾತು ಕಂಡ ಮೇಲೆ ಹಲವರು ಮತ್ತೆ ಬಂದರು. ಕೆಲವರು ವರ್ಷ ಮುಂದೂಡಿದರು. ಇನ್ನು ಕೆಲವರು ಒಪ್ಪಲಿಲ್ಲ. ಸಿಂಗಪುರ 2003ರಲ್ಲಿ ನ್ಯೂವಾಟರ್ ಎಂಬ ಹೆಸರಿನಲ್ಲಿ ಬಳಸಿದ ನೀರನ್ನು ಶುದ್ಧ ಮಾಡಿ ಕೊಡಲು ಶುರು ಮಾಡಿದಾಗ ಜನರಿಗೆ ತಿಳಿಹೇಳುವುದಕ್ಕೂ ಅಷ್ಟೇ ಗಮನ ಕೊಟ್ಟಿತ್ತು, ನಂಬಿಕೆಯನ್ನೂ ಬೆಳೆಸಬಹುದು ಎಂದು ವಾದಿಸಿದರು. ಮುಖವೇ ನೋಡದ ಜನ ಹೀಗೆ ಒಬ್ಬರ ಕಾರಣಕ್ಕೆ ಇನ್ನೊಬ್ಬರು ಕಾರಣ ಜೋಡಿಸುತ್ತಾ ಹೋಗುವುದನ್ನು ನೋಡಿ ಬಹಳ ಖುಷಿಯಾಯಿತು. ಈ ಕೆಲಸ ನಾನು ಮಾಡುವುದೇ ಇದಕ್ಕಾಗಿ.

ಕೊನೆಗೆ ಆ ಪ್ರಶ್ನೆಯನ್ನು ಎರಡಾಗಿ ಒಡೆದೆ. ತಂತ್ರಜ್ಞಾನ ಯಾವಾಗ ಕೈಗೆಟುಕುತ್ತದೆ ಅನ್ನುವುದು ಒಂದು. ಜನ ಯಾವಾಗ ಒಪ್ಪುತ್ತಾರೆ ಅನ್ನುವುದು ಇನ್ನೊಂದು. ಎರಡರ ನಡುವಿನ ಅಂತರವೇ ನಮ್ಮ ವರದಿಯ ಮುಖ್ಯ ಅಧ್ಯಾಯವಾಯಿತು.

ಮೆಟಾಕ್ಯುಲಸ್‌ನಂಥ ವೇದಿಕೆಯಲ್ಲಿ ಏಕೆ ಮಾಡಲಿಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಮುಂದೇನಾಗುತ್ತದೆ ಎಂದು ಜನ ಆನ್‌ಲೈನ್‌ನಲ್ಲಿ ಊಹಿಸುತ್ತಾರೆ, ಆಮೇಲೆ ನಿಜವಾಗಿ ಏನಾಯಿತು ಎಂದು ನೋಡಿ ಅಂಕ ಕೊಡುತ್ತಾರೆ. ಒಂದೆರಡು ವರ್ಷದಲ್ಲಿ ಉತ್ತರ ಸಿಗುವ ಪ್ರಶ್ನೆಗಳಿಗೆ ಅದು ತುಂಬಾ ಒಳ್ಳೆಯದು. ಆದರೆ 2060ರ ಉತ್ತರಕ್ಕೆ ಅಂಕ ಹಾಕಲು ಯಾರೂ ಅಷ್ಟು ವರ್ಷ ಕಾಯಲಾರರು.

ಭಾಷೆಯ ವಿಷಯದಲ್ಲಿ ನಾನು ತಡವಾಗಿ ಎಚ್ಚೆತ್ತೆ. ಇಂಗ್ಲಿಷ್ ಸಲೀಸಾಗಿ ಬರುವವರು ಪುಟಗಟ್ಟಲೆ ಬರೆಯುತ್ತಿದ್ದರು. ಉಳಿದವರದು ಒಂದೇ ಸಾಲು. 2060 ಎಂದವರೂ ಮೊದಲು ಬರೆದಿದ್ದು ಬರೀ ಮೂರು ಪದ. ‘ನಿಮ್ಮ ಭಾಷೆಯಲ್ಲೇ ಬರೆಯಿರಿ, ಅನುವಾದ ನಾವು ಮಾಡಿಸುತ್ತೇವೆ, ಸರಿಯಾಗಿದೆಯೇ ಎಂದು ನೀವು ನೋಡಿ’ ಎಂದು ಕೇಳಿಕೊಂಡ ಮೇಲೆಯೇ ಆ ವಿಂಡ್‌ಹುಕ್ ಮಾತು ಬಂದದ್ದು. ಈಗ ಪ್ರತಿ ಅಧ್ಯಯನದ ಮೊದಲ ಪುಟದಲ್ಲೇ ಆ ಸಾಲನ್ನು ಹಾಕುತ್ತೇನೆ.