ನೀರಿನಲ್ಲಿ ಬೆಳಕಿನಿಂದ ನಡೆಯುವ ಪಾಲಿಮರೀಕರಣ: ವೇಗ ಅಳೆಯುವ ಕ್ರಮ

ನೀರಿನಲ್ಲಿ ಕರಗಿದ ಅಕ್ರಿಲಮೈಡ್ ಬೆಳಕು ಬಿದ್ದಾಗ ಎಷ್ಟು ವೇಗವಾಗಿ ಸರಪಳಿಗಟ್ಟಿ ಪಾಲಿಮರ್ ಆಗುತ್ತದೆ ಎಂಬುದನ್ನು ಎಂ.ಎಸ್ಸಿ. ಮಟ್ಟದ ಪ್ರಯೋಗಾಲಯದಲ್ಲಿಯೂ ಅಳೆಯಬಹುದು. ಆದರೆ ಈ ಮಾನೋಮರ್ (ಸರಪಳಿಗೆ ಕೊಂಡಿಯಾಗುವ ಬಿಡಿ ಅಣು) ನರಗಳಿಗೆ ವಿಷ, ಚರ್ಮದ ಮೂಲಕವೂ ಒಳಸೇರುತ್ತದೆ. ಆದ್ದರಿಂದ ಕೈಗವಸು, ಮುಖಗವಸು ಧರಿಸಿ ಫ್ಯೂಮ್ ಹುಡ್‌ನೊಳಗೇ ತೂಗಬೇಕು, ಮನೆಯಲ್ಲಿ ಇದನ್ನು ಮಾಡಲೇಬಾರದು.

ಮೊದಲು ನೀರಿನ ವಿಚಾರ. ದಾವಣಗೆರೆ, ಚಿತ್ರದುರ್ಗದ ಕಡೆ ಪ್ರಯೋಗಾಲಯದ ನಲ್ಲಿಯಲ್ಲಿ ಬರುವುದು ಹೆಚ್ಚಾಗಿ ಕೊಳವೆಬಾವಿಯ ಗಡಸು ನೀರು, ಅದಕ್ಕೆ ಹಳೆಯ ಪೈಪಿನ ತುಕ್ಕೂ ಸೇರಿರುತ್ತದೆ. ತುಕ್ಕಿನ ಕಬ್ಬಿಣ, ಅಂದರೆ ಫೆರಿಕ್ ಅಯಾನು, ಬೆಳೆಯುತ್ತಿರುವ ಸರಪಳಿಯ ತುದಿಯಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕು ಭಾಗವಾದ ರ‍್ಯಾಡಿಕಲ್ಲನ್ನು ಆಕ್ಸಿಡೀಕರಿಸಿ ಬೆಳವಣಿಗೆಯನ್ನು ಅಲ್ಲಿಗೇ ಮುಗಿಸಿಬಿಡುವುದರಿಂದ, ಗಾಜಿನ ಉಪಕರಣದಲ್ಲಿ ಎರಡು ಬಾರಿ ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ಅಂಥ 100 ಮಿಲಿಲೀಟರ್ ನೀರಿನ ದ್ರಾವಣಕ್ಕೆ 3.55 ಗ್ರಾಂ ಅಕ್ರಿಲಮೈಡ್ ಹಾಕಿದರೆ ಲೀಟರಿಗೆ ಅರ್ಧ ಮೋಲ್ ಆಗುತ್ತದೆ. ಬೆಳಕು ಹೀರಿ ಕ್ರಿಯೆ ಆರಂಭಿಸುವ ಫೋಟೋ ಇನಿಷಿಯೇಟರ್ ಆಗಿ ನೀರಿನಲ್ಲಿ ಚೆನ್ನಾಗಿ ಕರಗುವ ಲ್ಯಾಪ್ (LAP) ಎಂಬ ಸಂಯುಕ್ತ 6 ಮಿಲಿಗ್ರಾಂ ಸಾಕು. 365 ನ್ಯಾನೋಮೀಟರ್ ಬೆಳಕಿನಲ್ಲಿ ಒಂದು ಸೆಂಟಿಮೀಟರ್ ಕೋಶವು ಹತ್ತನೇ ಒಂದು ಪಾಲಿನಷ್ಟನ್ನು ಮಾತ್ರ ಹೀರುವುದರಿಂದ ಮುಂದಿನ ಪದರಕ್ಕೂ ಹಿಂದಿನ ಪದರಕ್ಕೂ ಹೆಚ್ಚುಕಡಿಮೆ ಒಂದೇ ಬೆಳಕು ಸಿಗುತ್ತದೆ. ಹೆಚ್ಚು ಹಾಕಿದರೆ ಕ್ರಿಯೆ ಬೇಗ ಆಗುತ್ತದೆ ನಿಜ, ಆದರೆ ಲೆಕ್ಕ ಕೆಡುತ್ತದೆ.

ಗಾಳಿಗೆ ತೆರೆದ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಅದು ಮುಗಿಯುವವರೆಗೆ ಹುಟ್ಟಿದ ರ‍್ಯಾಡಿಕಲ್‌ಗಳೆಲ್ಲ ಅದರ ಪಾಲಾಗುತ್ತವೆ, ದೀಪ ಹಚ್ಚಿದ್ದರೂ ಏನೂ ನಡೆಯದಂತೆ ಕಾಣುತ್ತದೆ. ಆದ್ದರಿಂದ ಅರ್ಧ ಗಂಟೆ ನೈಟ್ರೋಜನ್ ಹಾಯಿಸಿ, ಗಾಳಿ ಸೋಕದಂತೆ ಡೈಲಟೋಮೀಟರಿಗೆ (ಕೋಶಕ್ಕೆ ಕ್ಯಾಪಿಲರಿ ಎಂಬ ಸಣ್ಣ ಗಾಜಿನ ಕೊಳವೆ ಜೋಡಿಸಿ ಗಾತ್ರದ ಬದಲಾವಣೆ ತೋರಿಸುವ ಉಪಕರಣಕ್ಕೆ) ತುಂಬಬೇಕು.

ಪಾಲಿಮರ್ ಕಟ್ಟಿದಂತೆ ದ್ರಾವಣ ಕುಗ್ಗುತ್ತದೆ, ಕ್ಯಾಪಿಲರಿಯಲ್ಲಿ ಮಟ್ಟ ಇಳಿಯುತ್ತದೆ. ಆ ಇಳಿತವೇ ನಮ್ಮ ಅಳತೆ. ಇಲ್ಲಿ ನಾನು ಹೆಚ್ಚು ಒತ್ತಿ ಹೇಳುವುದು ಉಷ್ಣದ ಬಗ್ಗೆ. ಒಂದು ಮೋಲ್ ಅಕ್ರಿಲಮೈಡ್ ಸುಮಾರು 80 ಕಿಲೋಜೂಲ್ ಶಾಖ ಬಿಡುತ್ತದೆ. ಶಾಖ ಹೊರಹೋಗದಿದ್ದರೆ ನಮ್ಮ ದ್ರಾವಣ ಪೂರ್ತಿ ಪಾಲಿಮರ್ ಆಗುವಷ್ಟರಲ್ಲಿ 9 ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತದೆ, ಮತ್ತು ಬಿಸಿಗೆ ಹಿಗ್ಗಿದ ನೀರು ನಾವು ನೋಡಬೇಕಾದ ಇಳಿತವನ್ನೇ ಮರೆಮಾಡುತ್ತದೆ. ತೆಳುವಾದ ಕೋಶವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮಾನೋಮರ್‌ನ ಮೊದಲ ಐದು ಶೇಕಡಾ ಪಾಲಿಮರ್ ಆಗುವವರೆಗಿನ ಓದುಗಳನ್ನು ಮಾತ್ರ ತೆಗೆದುಕೊಳ್ಳಬೇಕು. ಏಪ್ರಿಲ್‌ನಲ್ಲಿ ನಮ್ಮೂರಿನ ಕೋಣೆಯೇ 35 ಡಿಗ್ರಿ ದಾಟುವುದರಿಂದ ಹೀಟರ್ ಮಾತ್ರ ಇರುವ ತೊಟ್ಟಿ ಸಾಮಾನ್ಯವಾಗಿ ಅಳೆಯುವ 25 ಡಿಗ್ರಿಗೆ ಇಳಿಯುವುದಿಲ್ಲ. ತಣ್ಣೀರಿನ ಸುರುಳಿ ಇಲ್ಲದಿದ್ದರೆ 40 ಡಿಗ್ರಿಗೆ ನಿಲ್ಲಿಸಿ ಅಳೆಯುವುದೇ ಪ್ರಾಮಾಣಿಕ ದಾರಿ.

ಎಷ್ಟು ಇಳಿತಕ್ಕೆ ಎಷ್ಟು ಪಾಲಿಮರ್ ಎಂದು ತಿಳಿಯಲು ದ್ರಾವಣವನ್ನು ಮೆಥನಾಲ್‌ಗೆ ನಿಧಾನವಾಗಿ ಸುರಿಯಬೇಕು. ಬಿಳಿ ಶಾವಿಗೆಯಂತೆ ಎಳೆಎಳೆಯಾಗಿ ಪಾಲಿಮರ್ ಬೇರ್ಪಡುತ್ತದೆ. ಸೋಸಿ, ಒಣಗಿಸಿ ತೂಗಬೇಕು.

ಈಗ ಪರೀಕ್ಷೆ. ಎರಡು ಸರಪಳಿಗಳು ಪರಸ್ಪರ ಕೂಡಿ ಕೊನೆಗೊಳ್ಳುವುದಾದರೆ ವೇಗವು ಮಾನೋಮರ್‌ನ ಸಾಂದ್ರತೆಗೆ ನೇರವಾಗಿಯೂ ಹೀರಿದ ಬೆಳಕಿನ ವರ್ಗಮೂಲಕ್ಕೂ ಅನುಪಾತದಲ್ಲಿರುತ್ತದೆ. ಅಂದರೆ ಬೆಳಕು ಕಾಲುಭಾಗವಾದಾಗ ವೇಗ ಅರ್ಧವಾಗಬೇಕು. ದೀಪವನ್ನು ಎರಡರಷ್ಟು ದೂರ ಸರಿಸಿ ಕಾಲುಭಾಗವಾಯಿತೆಂದು ಭಾವಿಸಬಾರದು, ಎಲ್‌ಇಡಿ ಫಲಕ ಬಿಂದುವಲ್ಲ; ಉಕ್ಕಿನ ಜಾಲರಿಗಳನ್ನು ಅಡ್ಡವಿಟ್ಟು, ಬೆಳಕು ಬಿದ್ದಷ್ಟೂ ಬದಲಾಗುವ ಪೊಟ್ಯಾಸಿಯಮ್ ಫೆರಿಆಕ್ಸಲೇಟ್ ದ್ರಾವಣದಿಂದ ಬೆಳಕನ್ನು ಅಳೆದೇ ಬರೆದುಕೊಳ್ಳಬೇಕು. ವೋಲ್ಟೇಜ್ ಏರಿಳಿದರೆ ಬೆಳಕೂ ಏರಿಳಿಯುತ್ತದೆ, ಸ್ಥಿರ ವಿದ್ಯುತ್ ಕೊಡುವ ಡ್ರೈವರ್ ಬೇಕೇ ಬೇಕು.

ಒಮ್ಮೆ ನಮ್ಮಲ್ಲಿ ಬಟ್ಟಿ ಇಳಿಸಿದ ನೀರು ಮುಗಿದು ಫಿಲ್ಟರ್ ನೀರಿನಲ್ಲೇ ಅಳೆದೆವು. ಬೆಳಕು ಕಾಲುಭಾಗವಾದಾಗ ವೇಗವೂ ಕಾಲುಭಾಗಕ್ಕೇ ಬಂತು. ಸರಪಳಿಗಳನ್ನು ಒಂಟೊಂಟಿಯಾಗಿ ಮುಗಿಸುವ ಏನೋ ಒಂದು ನೀರಿನಲ್ಲಿದೆ ಎಂಬುದಕ್ಕೆ ಅದೇ ಗುರುತು. ಥಯೋಸಯನೇಟ್ ಹನಿ ಹಾಕಿದೊಡನೆ ನೀರು ನಸುಗೆಂಪಾಯಿತು, ಕಬ್ಬಿಣ. ವರ್ಗಮೂಲ ಸರಿಬಂದ ಮೇಲಷ್ಟೇ, ವೇಗವನ್ನು ಬೆಳಕಿನ ವರ್ಗಮೂಲಕ್ಕೆ ಎದುರಾಗಿ ಎಳೆದ ಗ್ರಾಫ್‌ನಿಂದ ಬೆಳವಣಿಗೆಯ ಸ್ಥಿರಾಂಕವನ್ನು ಮುಕ್ತಾಯದ ಸ್ಥಿರಾಂಕದ ವರ್ಗಮೂಲದಿಂದ ಭಾಗಿಸಿದ ಅಂಕಿ ತೆಗೆಯಬಹುದು. ಎರಡನ್ನೂ ಬಿಡಿಬಿಡಿಯಾಗಿ ತಿಳಿಯಬೇಕಾದರೆ ತಿರುಗುವ ತಟ್ಟೆಯಿಂದ ಬೆಳಕನ್ನು ಬಿಟ್ಟುಬಿಟ್ಟು ಹಾಯಿಸುವ ಪ್ರಯೋಗ ಬೇಕು.