ಇಡೀ ಹೈಸ್ಕೂಲಿಗೆ ಓದು ಹತ್ತಿಸುವುದು ಹೇಗೆ?

ಎಂಟನೇ ಕ್ಲಾಸಿಗೆ ಬಂದ ಹುಡುಗನಿಗೆ ಓದಲು ಬರುವುದಿಲ್ಲ ಎಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕನ್ನಡ ಮೇಷ್ಟ್ರ ಮುಖ ನೋಡುತ್ತಾರೆ. ಮೇಷ್ಟ್ರು ಪ್ರೈಮರಿ ಶಾಲೆಯ ಕಡೆ ಕೈ ತೋರಿಸುತ್ತಾರೆ. ಪ್ರೈಮರಿಯವರು ಮನೆಯ ಕಡೆ. ಸರಿ, ಈಗ ಸ್ವಲ್ಪ ಲೆಕ್ಕ ಹಾಕಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಗಣಿತ, ವಿಜ್ಞಾನ, ಸಮಾಜಕ್ಕೆ ತಲಾ 100. ಕನ್ನಡ ಮಾಧ್ಯಮದ ಮಗು ಈ 425 ಅಂಕವನ್ನೂ ಕನ್ನಡ ಓದಿ, ಕನ್ನಡದಲ್ಲೇ ಬರೆದು ಗಳಿಸಬೇಕು. ಅದರಲ್ಲಿ 300 ಅಂಕ ಕನ್ನಡ ಮೇಷ್ಟ್ರ ಕೈಯಲ್ಲಿಲ್ಲ. ಹಾಗಾಗಿ ಓದಿಸುವ ಕೆಲಸ ಎಲ್ಲ ಟೀಚರುಗಳದ್ದು.

ಇದು ಹಾಸನ ಜಿಲ್ಲೆಯ ಒಂದೆರಡು ಶಾಲೆಯ ತೊಂದರೆ ಅಲ್ಲ. ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯವರು 2023ರಲ್ಲಿ ದೇಶದ ಹಳ್ಳಿಗಾಡಿನ 14ರಿಂದ 18 ವರ್ಷದ ಮಕ್ಕಳನ್ನು ಓದಿಸಿ ನೋಡಿದರು. ಸುಮಾರು ಕಾಲು ಭಾಗದ ಮಕ್ಕಳಿಗೆ ಎರಡನೇ ಕ್ಲಾಸಿನ ಮಟ್ಟದ ಪಾಠವನ್ನು ತಮ್ಮ ರಾಜ್ಯದ ಭಾಷೆಯಲ್ಲೇ ಸರಾಗವಾಗಿ ಓದಲು ಆಗಲಿಲ್ಲ.

ಮೊದಲು, ಒಬ್ಬೊಬ್ಬರನ್ನೇ ಓದಿಸಿ

ಜೂನ್ ತಿಂಗಳಲ್ಲೇ ಇದು ಮುಗಿಯಬೇಕು. ಲಿಖಿತ ಪರೀಕ್ಷೆ ಬೇಡ, ಅದರಲ್ಲಿ ಪಕ್ಕದವನ ಓದು ಗೊತ್ತಾಗುತ್ತದೆ ಅಷ್ಟೇ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಏಳನೇ ಕ್ಲಾಸಿನ ಪುಸ್ತಕದ ಒಂದು ಪ್ಯಾರಾ ಜೋರಾಗಿ ಓದಿಸಿ. ಆಮೇಲೆ ಪುಸ್ತಕ ಮುಚ್ಚಿ, "ಏನು ಓದಿದೆ ಹೇಳು" ಅನ್ನಿ. ಎಲ್ಲ ಟೀಚರುಗಳೂ ಮಕ್ಕಳನ್ನು ಹಂಚಿಕೊಂಡರೆ ಕೆಲವೇ ದಿನದ ಕೆಲಸ. ಗಣಿತದವರು, ಪಿಟಿ ಮೇಷ್ಟ್ರು ಕೂಡ ಸೇರಬೇಕು, ಯಾಕೆಂದರೆ ಮಗು ಒತ್ತಕ್ಷರದ ಮುಂದೆ ನಿಂತುಬಿಡುವುದನ್ನು ಒಮ್ಮೆ ಕಣ್ಣಾರೆ ನೋಡಿದವರು "ಇವನು ಓದೋದೇ ಇಲ್ಲ, ಸೋಮಾರಿ" ಎಂದು ಹೇಳುವುದು ತಾನಾಗಿಯೇ ಕಮ್ಮಿ ಆಗುತ್ತದೆ.

ಆಗ ಮೂರು ಗುಂಪು ಕಾಣುತ್ತದೆ. ಅಕ್ಷರ ಜೋಡಿಸಲೇ ಕಷ್ಟ ಪಡುವವರು, ಓದುತ್ತಾರೆ ಆದರೆ ಏನೂ ಹೇಳಲಾಗದವರು, ಎರಡೂ ಬರುವವರು. ಮೊದಲ ಎರಡು ಗುಂಪಿಗೆ ಒಂದೇ ಔಷಧಿ ಕೊಡುವುದೇ ನಾವು ಮಾಡುವ ದೊಡ್ಡ ತಪ್ಪು. ಇನ್ನೊಂದು ಮಾತು. ನಮ್ಮ ಕಡೆ ಹಕಾರ ನಾಲಿಗೆಯಲ್ಲಿ ಉಳಿಯುವುದಿಲ್ಲ, ಹಾಸನವೇ ಆಸನ ಆಗುತ್ತದೆ ಅಲ್ವಾ? ಮಗು ಹಾಗೆ ಓದಿದರೆ ಓದಿನ ತಪ್ಪು ಎಂದು ಎಣಿಸಬೇಡಿ.

ನಂತರ, ಪ್ರತಿ ವಿಷಯದವರೂ ತಮ್ಮ ಓದು ತಾವೇ ಕಲಿಸಿ

ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ ಎಂಬ ಶಿಕ್ಷಣ ಸಂಸ್ಥೆ ಹೈಸ್ಕೂಲುಗಳಿಗೆಂದೇ ಕೊಟ್ಟ ಏಳು ಸಲಹೆಗಳಲ್ಲಿ ಮೊದಲನೆಯದೇ ಇದು. ಕಥೆ ಓದುವ ಹಾಗೆ ಲೆಕ್ಕ ಓದಲು ಆಗುವುದಿಲ್ಲ. "12ರಿಂದ 5ನ್ನು ಕಳೆಯಿರಿ" ಎಂದರೆ ಸರಿಯಾಗಿ ಮಾಡುವ ಹುಡುಗಿ "5ನ್ನು 12ರಿಂದ ಕಳೆಯಿರಿ" ಎಂದ ಕೂಡಲೇ ಐದನ್ನು ಮೊದಲು ಬರೆಯುತ್ತಾಳೆ. ಅವಳಿಗೆ ಕಳೆಯುವುದು ಗೊತ್ತು. "ರಿಂದ" ಎಲ್ಲಿದೆ ಎಂದು ನೋಡುವುದನ್ನು ಯಾರೂ ತೋರಿಸಿಲ್ಲ. "ಮೂರು ಹೆಚ್ಚು" ಮತ್ತು "ಮೂರರಷ್ಟು" ಕೂಡ ಹಾಗೇ. ಇದನ್ನು ಕನ್ನಡ ಪೀರಿಯಡ್‌ನಲ್ಲಿ ಯಾರು ಹೇಳಿಕೊಡುತ್ತಾರೆ? ಗಣಿತದವರೇ ಬೋರ್ಡಿನಲ್ಲಿ ವಾಕ್ಯ ಬರೆದು, ಜೋರಾಗಿ ಓದಿ, ತಾವು ಎಲ್ಲಿ ನಿಲ್ಲಿಸಿ ಯೋಚಿಸುತ್ತೇವೆ ಎಂದು ತೋರಿಸಬೇಕು.

ವಿಜ್ಞಾನದಲ್ಲಿ ತೊಡಕು ಪದಗಳದ್ದು. ಪ್ರತಿಫಲನ, ವಕ್ರೀಭವನ, ದ್ಯುತಿಸಂಶ್ಲೇಷಣೆ. ಪಾಠ ಶುರು ಮಾಡುವ ಮೊದಲೇ ಐದಾರು ಪದ ಆರಿಸಿ, ಒಡೆದು ತೋರಿಸಿ, ಮಕ್ಕಳ ಬಾಯಲ್ಲಿ ಹೇಳಿಸಿ, ಎರಡು ವಾರ ಬಿಟ್ಟು ಮತ್ತೆ ಕೇಳಿ. ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೆ ಸಾಲದು; ಅದನ್ನು ಇನ್‌ಸ್ಪೆಕ್ಷನ್‌ಗೆ ಬಂದವರು ಮಾತ್ರ ಓದುತ್ತಾರೆ.

ಎಲ್ಲ ವಿಷಯಕ್ಕೂ ಬೇಕಾದ್ದು ಪ್ರಶ್ನೆಯ ಕೊನೆಯ ಪದ. ಪಟ್ಟಿ ಮಾಡಿ, ಕಾರಣ ಕೊಡಿ, ವ್ಯತ್ಯಾಸ ತಿಳಿಸಿ, ಸಮರ್ಥಿಸಿ. ಈ ನಾಲ್ಕಕ್ಕೂ ಒಂದೇ ಥರ ಉತ್ತರ ಬರೆಯುವ ಮಕ್ಕಳು ಜಾಸ್ತಿ. ಒಂದೊಂದಕ್ಕೂ ಉತ್ತರ ಹೇಗಿರಬೇಕು ಎಂದು ಟೀಚರುಗಳೆಲ್ಲ ಒಮ್ಮೆ ಕೂತು ಒಪ್ಪಿಕೊಳ್ಳಿ.

ಬರೆಸುವ ಮೊದಲು ಮಾತಾಡಿಸಿ

ಗೈಡ್ ನೋಡಿ ಕಾಪಿ ಮಾಡಿಸುವುದನ್ನು ನಿಲ್ಲಿಸಿ. ಪುಟ ತುಂಬುತ್ತದೆ, ಬರಹ ಬರುವುದಿಲ್ಲ.

ಆಲೂಗಡ್ಡೆಗೆ ಬರುವ ಅಂಗಮಾರಿಯನ್ನೇ ತೆಗೆದುಕೊಳ್ಳಿ, ಹಾಸನದ ಮಕ್ಕಳಿಗೆ ಇದು ಗೊತ್ತಿಲ್ಲದ್ದಲ್ಲ. ರೋಗ ಹೇಗೆ ಹರಡುತ್ತದೆ ಎಂದು ಇಬ್ಬಿಬ್ಬರು ಮಾತಾಡಿಕೊಳ್ಳಲಿ. "ಜಿಟಿಜಿಟಿ ಮಳೆ ಹಿಡಿದ್ರೆ ಎಲೆ ಕಪ್ಪಾಗುತ್ತೆ ಸಾರ್" ಎಂದು ಒಬ್ಬ ಹೇಳುತ್ತಾನೆ. ಅದನ್ನು ಹಾಗೇ ಬೋರ್ಡಿಗೆ ಬರೆಯಿರಿ. ಯಾಕೆ ಕಪ್ಪಾಗುತ್ತೆ ಎಂದು ಕೇಳಿ. ಮಕ್ಕಳ ಜೊತೆಗೇ ತಿದ್ದುತ್ತಾ ಹೋಗಿ: "ತಂಪಾದ, ತೇವದ ವಾತಾವರಣದಲ್ಲಿ ರೋಗಾಣು ಬೇಗ ಹರಡುವುದರಿಂದ ಎಲೆಗಳು ಕಪ್ಪಾಗುತ್ತವೆ." ಆಡುಮಾತಿನಲ್ಲಿದ್ದ ತಿಳಿವಳಿಕೆ ಪರೀಕ್ಷೆಯ ಉತ್ತರ ಆಗುವುದು ಹೇಗೆ ಎಂದು ಅವರ ಕಣ್ಣ ಮುಂದೆಯೇ ಕಾಣುತ್ತದೆ. ಸಕಲೇಶಪುರದ ಕಡೆ ಕಾಫಿ ತೋಟದ ಕೂಲಿಯವರ ಲೈನ್‌ಮನೆಗಳಿಂದ ಬರುವ, ಮನೆಯಲ್ಲಿ ತಮಿಳು, ತುಳು ಅಥವಾ ಅಸ್ಸಾಂ ಕಡೆಯ ಭಾಷೆ ಆಡುವ ಮಕ್ಕಳಿಗೆ ಈ ಮಾತು ಇನ್ನೂ ಮುಖ್ಯ. ಅವರು ಮೊದಲು ತಮ್ಮ ಭಾಷೆಯಲ್ಲೇ ಮಾತಾಡಿಕೊಳ್ಳಲಿ ಬಿಡಿ.

ತಿದ್ದುವಾಗ ಎಲ್ಲ ತಪ್ಪಿಗೂ ಕೆಂಪು ಶಾಯಿ ಸುರಿಯಬೇಡಿ. ಈ ವಾರ ಅಲ್ಪಪ್ರಾಣ-ಮಹಾಪ್ರಾಣ ಎಂದರೆ ಅಷ್ಟೇ.

ಹಿಂದುಳಿದವರಿಗೆ ದಿನಾ ಅರ್ಧ ಗಂಟೆ

ಮೊದಲ ಗುಂಪಿನವರಿಗೆ ಸುಮ್ನೆ "ಲೈಬ್ರರಿ ಪೀರಿಯಡ್, ಓದಿಕೊಳ್ಳಿ" ಎಂದರೆ ಪುಸ್ತಕದ ಚಿತ್ರ ನೋಡುತ್ತಾ ಕೂರುತ್ತಾರೆ. ಅವರಿಗೆ ಐದಾರು ಜನರ ಸಣ್ಣ ಗುಂಪು ಬೇಕು, ಪ್ರತಿ ದಿನವೂ ಬೇಕು. ಕ್ಲಾಸು ನೋಡಬೇಡಿ, ಮಟ್ಟ ನೋಡಿ ಕೂರಿಸಿ. ಗುಣಿತಾಕ್ಷರ ಗಟ್ಟಿಯಾದ ಮೇಲೆ ಸಜಾತಿ ಒತ್ತು, ಆಮೇಲೆ ವಿಜಾತಿ ಒತ್ತು, ಕೊನೆಗೆ ಅರ್ಕಾವತ್ತು. ಜೊತೆಗೆ ಪ್ರತಿ ದಿನ ಒಂದು ಸಣ್ಣ ಪಾಠ, ಮೊದಲು ನೀವು ಓದಿ, ಆಮೇಲೆ ಒಟ್ಟಿಗೆ, ಆಮೇಲೆ ಮಗು ಒಂದೇ. ಹದಿನಾಲ್ಕು ವರ್ಷದವನಿಗೆ ಒಂದನೇ ಕ್ಲಾಸಿನ ಪುಸ್ತಕ ಕೊಟ್ಟು ಮಾನ ಕಳೆಯಬೇಡಿ. ಕ್ರಿಕೆಟ್ ಸುದ್ದಿ, ಕಾಫಿ ರೇಟು, ಆನೆ ಬಂದ ಸುದ್ದಿ ಇದ್ದರೆ ಅದನ್ನೇ ಸರಳ ಮಾಡಿ ಬರೆದು ಕೊಡಿ.

ಸಮಯದ್ದೇ ಜಗಳ. ಆಟದ ಪೀರಿಯಡ್ ಕಿತ್ತುಕೊಂಡರೆ ಓದಿನ ಮೇಲೆ ದ್ವೇಷ ಬರುತ್ತದೆ. ಸಂಜೆ ಆಲೂರು, ಸಕಲೇಶಪುರ ಕಡೆಯ ಕೆಲವು ಊರುಗಳಿಗೆ ಬಸ್ಸಿನ ಚಿಂತೆ, ಆನೆಯ ಚಿಂತೆ ಬೇರೆ. ಪ್ರಾರ್ಥನೆಗೆ ಮೊದಲಿನ ಅರ್ಧ ಗಂಟೆಯೇ ವಾಸಿ, ಇಲ್ಲದಿದ್ದರೆ ಹೆಡ್‌ಮಾಸ್ಟರು ಟೈಮ್‌ಟೇಬಲ್ಲಿನಲ್ಲೇ ಜಾಗ ಮಾಡಬೇಕು.

ಪುಸ್ತಕಕ್ಕೆ ಶಾಲೆಯ ಬೀರು ಮೊದಲು ತೆಗೆಯಿರಿ, ಬೀಗದ ಕೈ ಮಕ್ಕಳಿಗೇ ಕೊಡಿ. ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರ ಆಗಿವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುತ್ತಾರೆ. ಇಡೀ ಕ್ಲಾಸನ್ನೇ ಒಂದು ದಿನ ಕರೆದುಕೊಂಡು ಹೋಗಿ ಹೆಸರು ಬರೆಸಿ ಬನ್ನಿ.

ದಸರಾ ರಜೆ ಮುಗಿದ ಮೇಲೆ ಜೂನ್‌ನಲ್ಲಿ ಮಾಡಿದ ಹಾಗೆಯೇ ಮತ್ತೆ ಓದಿಸಿ ನೋಡಿ, ಗುಂಪು ಬದಲಿಸಿ. ಇದನ್ನು ತಡ ಮಾಡಬೇಡಿ. ವರ್ಷದ ಕೊನೆಗೆ ಕಾಫಿ ಕೊಯ್ಲು ಶುರುವಾದರೆ ತೋಟದ ಕಡೆಯ ಹಾಜರಿ ಇಳಿಯುತ್ತದೆ, ಹತ್ತನೇ ಕ್ಲಾಸಿನವರು ಪ್ರಿಪರೇಟರಿ ಪರೀಕ್ಷೆಗೆ ಕೂರುತ್ತಾರೆ. ಹೊಸ ಗುಂಪು ಕಟ್ಟಿ ಕಲಿಸಲು ಆಗ ಯಾರಿಗೂ ಪುರುಸೊತ್ತಿರುವುದಿಲ್ಲ.