ಹಳೇ ಕಾರಿನ ಮೇಲೆ ಆ ಗೆರೆ ಎಳೆದವರು ಯಾರು? ನಾನು ಹುಡುಕಿದ ರೀತಿ

ಮೂರು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಒಂದು 1950ರ ಫೋರ್ಡ್ ಕಾರು ಕೊಂಡೆ. ಕಡು ಹಸಿರು ಬಣ್ಣ. ಡ್ಯಾಶ್‌ಬೋರ್ಡ್ ಮೇಲೆ, ಡಿಕ್ಕಿ ಮುಚ್ಚಳದ ಮೇಲೆ ಕೆನೆಬಿಳಿ ಮತ್ತು ಕೆಂಪು ಬಣ್ಣದ ತೆಳು ಗೆರೆಗಳು. ಬಳ್ಳಿ ಹಾಗೆ ಬಾಗುತ್ತವೆ, ಒಂದನ್ನೊಂದು ದಾಟುತ್ತವೆ, ಕೊನೆಗೆ ಒಂದು ಹನಿಯಾಗಿ ನಿಲ್ಲುತ್ತವೆ. ಬ್ರಷ್ ಹಿಡಿದು ಕೈಯಲ್ಲೇ ಎಳೆಯುವ ಈ ಕೆಲಸಕ್ಕೆ ಪಿನ್‌ಸ್ಟ್ರೈಪಿಂಗ್ ಅಂತಾರೆ. ಡಿಕ್ಕಿಯ ಮೂಲೆಯಲ್ಲಿ ‘ವಾನ್ ಡಚ್’ ಅಂತ ಸಹಿ ಇತ್ತು. ಮಾರಿದವರು ಅದನ್ನು ತೋರಿಸಿಯೇ ಜಾಸ್ತಿ ದುಡ್ಡು ಕೇಳಿದ್ದರು.

ವಾನ್ ಡಚ್ ಅಂದರೆ ಕೆನ್ನಿ ಹೋವರ್ಡ್. 1929ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡ ಲಾಸ್ ಏಂಜಲೀಸ್ ಕಡೆಯ ಕಲಾವಿದ. ಅವರಪ್ಪನೂ ಬೋರ್ಡ್ ಬರೆಯುವವರೇ. 1950ರ ದಶಕದಲ್ಲಿ ಅವರ ಹೆಸರು ಎಷ್ಟು ಹಬ್ಬಿತ್ತು ಅಂದರೆ, ಜನ ಗೆರೆ ಎಳೆಸೋದಕ್ಕೇ ‘ಡಚಿಂಗ್’ ಅನ್ನುತ್ತಿದ್ದರು. ಅಂಥ ಹೆಸರಿನ ಕಳ್ಳಸಹಿಗಳೂ ಬೇಕಾದಷ್ಟಿವೆ. ಹಾಗಾಗಿ ಸಹಿಯನ್ನು ಪಕ್ಕಕ್ಕಿಟ್ಟು ಗೆರೆಯಿಂದ ಶುರು ಮಾಡಿದೆ.

ಇದು ನಾನು ತುಮಕೂರಿನಲ್ಲಿ ಕಲಿತ ಪಾಠ. ನಮ್ಮ ಸೋದರಮಾವ ಲಾರಿಗಳಿಗೆ ಬಣ್ಣ ಬರೆಯುತ್ತಿದ್ದರು. ಬೇಸಿಗೆ ರಜೆಯಲ್ಲಿ ಅವರ ಡಬ್ಬಿ ಹಿಡಿದು ನಿಲ್ಲೋದು ನನ್ನ ಕೆಲಸ. “ಗೆರೆ ಶುರುವಾಗೋ ಕಡೆ ಎಲ್ಲರೂ ಹುಷಾರಾಗಿರ್ತಾರೆ ಕಣೋ. ಮುಗಿಯೋ ಕಡೆ ನೋಡು, ಯಾರ ಕೈ ಅಂತ ಅಲ್ಲಿ ಗೊತ್ತಾಗುತ್ತೆ” ಅನ್ನುತ್ತಿದ್ದರು.

ಮೊದಲು, ಇದು ನಿಜಕ್ಕೂ ಕೈಕೆಲಸವಾ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಕತ್ತಲಲ್ಲಿ ಟಾರ್ಚನ್ನು ಮೇಲ್ಮೈಗೆ ಒರಗಿಸಿದ ಹಾಗೆ ಓರೆಯಾಗಿ ಹಿಡಿದೆ. ಸ್ಟಿಕ್ಕರ್ ಆಗಿದ್ದರೆ ಅಂಚು ಬ್ಲೇಡಿನಲ್ಲಿ ಕತ್ತರಿಸಿದಂತೆ ಒಂದೇ ಸಮ ಕಾಣುತ್ತೆ. ಟೇಪ್ ಅಂಟಿಸಿ ಬಳಿದಿದ್ದರೆ ಎರಡೂ ಅಂಚಲ್ಲಿ ಬಣ್ಣ ಎದ್ದು ನಿಂತಿರುತ್ತೆ. ನನ್ನ ಕಾರಿನ ಗೆರೆ ಉಗುರಿಗೆ ಸಣ್ಣ ದಿಣ್ಣೆ ಹಾಗೆ ತಾಗಿತು. ಬಾಗಿದ ಕಡೆ ಒಂದು ಕೂದಲಷ್ಟು ದಪ್ಪ, ನೇರ ಇರುವ ಕಡೆ ತೆಳು. ಇದು ಕತ್ತಿ ಆಕಾರದ ಬ್ರಷ್ಷಿನ ಗುಣ. ಅಳಿಲಿನ ಕೂದಲಿಂದ ಮಾಡಿದ, ಕೂದಲು ಉದ್ದ, ಹಿಡಿ ಗಿಡ್ಡ ಇರುವ ಬ್ರಷ್ ಅದು.

ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್ ಹಿಡಿದು ಸಹಿಯ ಹತ್ತಿರ ಹೋದೆ. ಹಳೇ ಬಣ್ಣ ಕೆರೆಯ ತಳದ ಮಣ್ಣಿನ ಹಾಗೆ ಸಣ್ಣಗೆ ಬಿರುಕು ಬಿಟ್ಟಿತ್ತು. ಬಿರುಕು ಹಸಿರು ಬಣ್ಣದಿಂದ ಹೊರಟು ಕೆನೆಬಿಳಿ ಗೆರೆಯನ್ನೂ ಸೀಳಿಕೊಂಡು ಹೋಗಿತ್ತು. ಅಂದರೆ ಎರಡೂ ಒಟ್ಟಿಗೆ ಹಳತಾಗಿವೆ. ಆದರೆ ಸಹಿ ಬಂದ ಕಡೆ ಬಿರುಕು ಮಾಯ. ಸಹಿಯ ಬಣ್ಣ ಬಿರುಕಿನ ಒಳಗೆ ಇಳಿದು ತುಂಬಿಕೊಂಡಿತ್ತು! ಗೆರೆ ಎಳೆದು ಎಷ್ಟೋ ವರ್ಷ ಆದಮೇಲೆ ಯಾರೋ ಬಂದು ಸಹಿ ಹಾಕಿದ್ದಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಬೇಜಾರಾಯಿತು, ಸುಳ್ಳು ಹೇಳಲ್ಲ. ಆದರೆ ಆ ಹೊತ್ತಿಂದಲೇ ನಿಜವಾಗಿ ಎಳೆದವರು ಯಾರು ಅನ್ನೋದು ತಲೆಗೆ ಹತ್ತಿಕೊಂಡಿತು.

ಪಾರದರ್ಶಕ ಹಾಳೆ ಹಾಸಿ ಇಡೀ ವಿನ್ಯಾಸವನ್ನು ಅದೇ ಅಳತೆಯಲ್ಲಿ ಇಳಿಸಿಕೊಂಡೆ. ಹನಿಗಳನ್ನು ನೋಡಿದಾಗ ಕ್ಯಾಲಿಫೋರ್ನಿಯಾದ್ದೇ ಓಕ್ಲೆಂಡ್ ಊರಿನ ಹೆಸರಾಂತ ಪಿನ್‌ಸ್ಟ್ರೈಪಿಂಗ್ ಕಲಾವಿದ ‘ಟಾಮಿ ದಿ ಗ್ರೀಕ್’ ನೆನಪಾದರು. ಹನಿ ಅವರ ಗುರುತು. ಆದರೆ ಆ ಹನಿಯನ್ನು ನೋಡಿ ಬರೆದವರು ಜಾಸ್ತಿ. ಹನಿ ಇದೆ ಅಂದ ಮಾತ್ರಕ್ಕೆ ಅವರದೇ ಅನ್ನೋ ಹಾಗಿಲ್ಲ. ಮಾವನ ಮಾತಿನಂತೆ ಕೊನೆಯನ್ನೇ ನೋಡಿದೆ. ಇಲ್ಲಿ ಹನಿಯ ಬಾಲ ಮೊದಲು ಬಂದಿದೆ, ದಪ್ಪ ತಲೆ ಕೊನೆಗೆ. ಬ್ರಷ್ ಎತ್ತಿದ ಕಡೆ ದುಂಡಗಿಲ್ಲ, ಅಡ್ಡಕ್ಕೆ ಚಪ್ಪಟೆಯಾಗಿದೆ. ಇಪ್ಪತ್ತೆರಡು ಹನಿಗಳಲ್ಲಿ ಹತ್ತೊಂಬತ್ತು ಹೀಗೇ ಇದ್ದವು.

ಆ ಹಾಳೆಯನ್ನು ಸುರುಳಿ ಸುತ್ತಿಕೊಂಡು ಎಂಬತ್ತು ದಾಟಿದ ಒಬ್ಬ ಬೋರ್ಡ್ ಪೇಂಟರ್ ಹತ್ತಿರ ಹೋದೆ. ಅವರು ಅದನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ತುಂಬಾ ಹೊತ್ತು ನೋಡಿದರು. “ಟಾಮಿ ಅಲ್ಲ. ಈ ಕೈ ನನ್ನ ಶೆಡ್ಡಿನಲ್ಲೇ ಇದೆ, ಬಾ” ಅಂದರು. ಗೋಡೆಗೆ ಒರಗಿಸಿಟ್ಟಿದ್ದ ಒಂದು ಬೇಕರಿ ವ್ಯಾನಿನ ಬಾಗಿಲು. ಅಕ್ಷರಗಳ ಸುತ್ತ ಅದೇ ಬಳ್ಳಿ, ಅದೇ ಚಪ್ಪಟೆ ತಲೆಯ ಹನಿ. ಹಾಳೆಯನ್ನು ಮೇಲಿಟ್ಟರೆ ಬಾಗು ಕೂಡ ಕೂತುಕೊಂಡಿತು. ಬಾಗಿಲ ಕೆಳಗೆ ಎರಡು ಇನಿಷಿಯಲ್, ಒಂದು ಫೋನ್ ನಂಬರ್. ನಂಬರಿನ ಮೊದಲಿಗೆ ಅಂಕಿಯ ಬದಲು ಎರಡು ಅಕ್ಷರ. ಅಮೆರಿಕದಲ್ಲಿ ಪೂರ್ತಿ ಅಂಕಿಯ ನಂಬರ್ ಬರುವ ಮುಂಚಿನ ಕಾಲದ್ದು.

ಮುಂದಿನ ಕೆಲಸ ಲೈಬ್ರರಿಯದು. ಓಕ್ಲೆಂಡ್ ಪಬ್ಲಿಕ್ ಲೈಬ್ರರಿಯ ಇತಿಹಾಸ ವಿಭಾಗದಲ್ಲಿ ಊರಿನ ಹಳೇ ಡೈರೆಕ್ಟರಿಗಳಿವೆ. ಹೆಸರು, ವಿಳಾಸದ ಜೊತೆ ಕಸುಬನ್ನೂ ಬರೆದಿರುತ್ತಾರೆ. ಎರಡು ಶನಿವಾರ ಕೂತು ಬೋರ್ಡ್ ಪೇಂಟರ್‌ಗಳನ್ನು ಒಬ್ಬೊಬ್ಬರಾಗಿ ನೋಡಿದೆ. ಆ ಇನಿಷಿಯಲ್‌ಗೆ ಹೊಂದುವವರು ಒಬ್ಬರೇ ಸಿಕ್ಕರು. ಅವರ ಮನೆಯವರ ಮಾತಿನಂತೆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕಾರಿನ ಕಾಗದಪತ್ರದಲ್ಲಿ ಮಾತ್ರ ಬರೆದಿಟ್ಟಿದ್ದೇನೆ, ಬಿರುಕಿನ ಫೋಟೊ ಸಮೇತ.

ಅವರ ಮಗಳು ಒಂದು ದಿನ ಕಾರು ನೋಡಲು ಬಂದರು. ಕೈಯಲ್ಲಿ ಅಪ್ಪನ ತಗಡಿನ ಡಬ್ಬಿ. ಒಳಗೆ ಎಣ್ಣೆ ಸವರಿಟ್ಟ ಐದು ಬ್ರಷ್. ಒಂದನ್ನು ತೆಗೆದು ಬೆಳಕಿಗೆ ಹಿಡಿದೆ. ಅದರ ತುದಿಯನ್ನು ಚೂಪಾಗಿ ಬಿಟ್ಟಿರಲಿಲ್ಲ. ಅಡ್ಡಕ್ಕೆ ಸಪಾಟಾಗಿ ಕತ್ತರಿಸಿದ್ದರು.